ಮನೆಗೊಂದು ಉಪಕರಣದ ಪೆಟ್ಟಿಗೆ: ಯಾವುದನ್ನು ಮೊದಲು ಕೊಳ್ಳಬೇಕು, ಯಾವುದನ್ನು ಆಮೇಲೆ

ನಲ್ಲಿ ತೊಟ್ಟಿಕ್ಕಲು ಶುರುವಾಗುತ್ತದೆ, ಅಥವಾ ಬಚ್ಚಲಮನೆಯ ಚಿಲಕ ಸಡಿಲವಾಗಿ ನೇತಾಡುತ್ತದೆ. ಹೊಸದಾಗಿ ಮನೆ ಮಾಡಿದವರು ಆ ಬೇಸರದಲ್ಲೇ ಕುಳಿತು ನೂರು ಸಾಮಾನುಗಳ ಸೂಟ್‌ಕೇಸ್ ಒಂದನ್ನು ಆನ್‌ಲೈನಿನಲ್ಲಿ ತರಿಸುತ್ತಾರೆ. ಬಂದ ಪೆಟ್ಟಿಗೆಯಲ್ಲಿ ನಲವತ್ತು ಪುಟಾಣಿ ಬಿಟ್‌ಗಳು, ಸಾಲಾಗಿ ಜೋಡಿಸಿದ ಸಾಕೆಟ್‌ಗಳು, ಆಟಿಕೆಯಂಥ ಸುತ್ತಿಗೆ ಇರುತ್ತವೆ. ನಲ್ಲಿಯ ನಟ್ಟನ್ನು ಹಿಡಿಯುವಷ್ಟು ಬಾಯಿ ತೆರೆಯುವ ಸ್ಪ್ಯಾನರ್ ಮಾತ್ರ ಇರುವುದಿಲ್ಲ. ಕಡೆಗೆ ಇಕ್ಕಳದಲ್ಲಿ ಹಿಡಿದು ತಿರುಗಿಸಲು ಹೋಗಿ ನಟ್ಟಿನ ಮೂಲೆಗಳೆಲ್ಲ ಸವೆಯುತ್ತವೆ. ಮರುದಿನ ಪ್ಲಂಬರ್ ಬಂದು ನಲ್ಲಿಯನ್ನೇ ಬದಲಿಸಬೇಕಾಗುತ್ತದೆ.

ಇದೇ ಕಥೆಯನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಇಲ್ಲೆಲ್ಲ ತಪ್ಪಿರುವುದು ಕ್ರಮ. ಮೊದಲು ಮನೆಯನ್ನು ನೋಡಬೇಕು, ಆಮೇಲೆ ನೀರು ಮತ್ತು ಕರೆಂಟು ನಿಲ್ಲಿಸುವುದನ್ನು ಕಲಿಯಬೇಕು, ಆಮೇಲೆ ಮೂರು ಕಂತಿನಲ್ಲಿ ಉಪಕರಣ ಕೊಳ್ಳಬೇಕು. ಡ್ರಿಲ್ ಯಂತ್ರದ ಸರದಿ ಎಲ್ಲಕ್ಕಿಂತ ಕೊನೆಗೆ ಬರುತ್ತದೆ.

ಹಂತ 1: ಅಂಗಡಿಗೆ ಹೋಗುವ ಮೊದಲು ಮನೆಯನ್ನು ಸುತ್ತಿ ಬನ್ನಿ

ಒಂದು ಹಾಳೆ, ಒಂದು ಪೆನ್ನು, ಮೊಬೈಲಿನ ಟಾರ್ಚ್ ಹಿಡಿದು ಅರ್ಧ ಗಂಟೆ ಮನೆಯೊಳಗೆ ಓಡಾಡಿ. ಬಾಗಿಲ ಕೀಲುಗಳ ಸ್ಕ್ರೂ ತಲೆ ಹೇಗಿದೆ, ಒಂದೇ ಗೀಟೋ ಅಧಿಕ ಚಿಹ್ನೆಯೋ? ಸ್ವಿಚ್‌ಬೋರ್ಡಿನ ಸ್ಕ್ರೂ ಹೇಗಿದೆ? ಕೈತೊಳೆಯುವ ಬೇಸಿನ್ನಿನ ಕೆಳಗೆ ಬಗ್ಗಿ ನೋಡಿ. ಗೋಡೆಯಿಂದ ಹೊರಬರುವ ಪುಟ್ಟ ವಾಲ್ವ್, ಅಂದರೆ ಆ್ಯಂಗಲ್ ಕಾಕ್, ಇದೆಯೇ? ಇದ್ದರೆ ಅದು ಕೈಯಲ್ಲಿ ತಿರುಗುತ್ತದೆಯೇ, ಉಪ್ಪುಗಟ್ಟಿ ಕೂತಿದೆಯೇ? ಕಪಾಟು, ಮೇಜು, ಮಂಚದಲ್ಲಿ ಆರು ಮೂಲೆಯ ಕುಳಿ ಇರುವ ಬೋಲ್ಟುಗಳಿವೆಯೇ? ಇದ್ದರೆ ಅಲೆನ್ ಕೀ ಬೇಕಾಗುತ್ತದೆ.

ಹಾಳೆಯ ಇನ್ನೊಂದು ಬದಿಯಲ್ಲಿ, ಕಳೆದ ಒಂದು ವರ್ಷದಲ್ಲಿ ಯಾವ ಯಾವ ಕೆಲಸಕ್ಕೆ ಹೊರಗಿನವರನ್ನು ಕರೆದಿರಿ ಎಂದು ಬರೆಯಿರಿ. ಹೆಚ್ಚಿನ ಮನೆಗಳಲ್ಲಿ ಈ ಪಟ್ಟಿ ಒಂದೇ ತರಹ ಇರುತ್ತದೆ: ನಲ್ಲಿ, ಕನೆಕ್ಷನ್ ಪೈಪು (ಆ್ಯಂಗಲ್ ಕಾಕಿನಿಂದ ನಲ್ಲಿಗೆ ಹೋಗುವ ಪುಟ್ಟ ಪೈಪು), ಚಿಲಕ, ಬಾಗಿಲ ಕೀಲು, ಪ್ಲಗ್, ಪರದೆಯ ಸರಳು, ಗೋಡೆಗೆ ಒಂದು ಮೊಳೆ. ನೀವು ಕೊಳ್ಳಬೇಕಾದದ್ದು ಈ ಪಟ್ಟಿಗೆ ಬೇಕಾದಷ್ಟೇ. ಹಾಳೆಯನ್ನು ಎಸೆಯಬೇಡಿ, ಅಂಗಡಿಗೆ ಒಯ್ಯಬೇಕು.

ಹಂತ 2: ನಿಲ್ಲಿಸುವುದನ್ನು ಕಲಿಯಿರಿ

ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಆದರೂ ಹೆಚ್ಚು ಜನ ಬಿಟ್ಟುಬಿಡುವ ಹಂತ ಇದೇ.

ನೀರು: ಮಾಳಿಗೆಯ ಮೇಲಿನ ಟ್ಯಾಂಕಿನಿಂದ ಇಳಿಯುವ ಪ್ರತಿ ಪೈಪಿಗೂ ಒಂದು ವಾಲ್ವ್ ಇರುತ್ತದೆ. ಯಾವ ವಾಲ್ವ್ ಮುಚ್ಚಿದರೆ ಅಡುಗೆಮನೆಯ ನೀರು ನಿಲ್ಲುತ್ತದೆ, ಯಾವುದು ಬಚ್ಚಲಿನದು ಎಂದು ಒಂದೊಂದಾಗಿ ಮುಚ್ಚಿ ನೋಡಿ, ಬಣ್ಣದಲ್ಲೋ ಮಾರ್ಕರಿನಲ್ಲೋ ಗುರುತು ಮಾಡಿ. ಹಳೆಯ ಗೇಟ್ ವಾಲ್ವ್ ವರ್ಷಗಟ್ಟಲೆ ತಿರುಗದೆ ಬಿಗಿದಿದ್ದರೆ ಬಲಪ್ರಯೋಗ ಮಾಡಬೇಡಿ. ಒಳಗಿನ ದಂಡ ಮುರಿದರೆ ನೀರು ನಿಲ್ಲಿಸಲು ದಾರಿಯೇ ಉಳಿಯುವುದಿಲ್ಲ. ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಆಡಿಸುತ್ತ ಸಡಿಲ ಮಾಡಬೇಕು.

ಕರೆಂಟು: ಎಂಸಿಬಿ ಪೆಟ್ಟಿಗೆ, ಅಂದರೆ ಮನೆಯ ಒಂದೊಂದು ಭಾಗದ ಕರೆಂಟು ಕಡಿಯುವ ಸ್ವಿಚ್‌ಗಳ ಪೆಟ್ಟಿಗೆ, ತೆರೆದು ಒಂದೊಂದನ್ನೇ ಇಳಿಸಿ, ಯಾವ ಕೋಣೆ ಕತ್ತಲಾಯಿತು ಎಂದು ನೋಡಿ ಚೀಟಿ ಅಂಟಿಸಿ. ಪರೀಕ್ಷಾ ಗುಂಡಿ ಇರುವ ಅಗಲವಾದ ಸ್ವಿಚ್ ಒಂದಿದ್ದರೆ ಅದು ಆರ್‌ಸಿಸಿಬಿ. ಕರೆಂಟು ನಮ್ಮ ಮೈ ಮೂಲಕವೋ ಬೇರೆಲ್ಲೋ ಸೋರಿದರೆ ಅದು ಕಣ್ಣು ಮಿಟುಕಿಸುವುದರೊಳಗೆ ಕಡಿದುಹಾಕುತ್ತದೆ. ಮನೆಗಳಲ್ಲಿ ಬಳಸುವುದು ಸಾಮಾನ್ಯವಾಗಿ 30 ಮಿಲಿಆಂಪಿಯರಿನದು. ಗುಂಡಿ ಒತ್ತಿದಾಗ ಅದು ಕೆಳಗೆ ಬೀಳದಿದ್ದರೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಇನ್ನೊಂದು ಮಾತನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ: ಮನೆಯಲ್ಲಿ ಯುಪಿಎಸ್ ಇದ್ದರೆ ಮೇನ್ ಸ್ವಿಚ್ ಆರಿಸಿದರೂ ಕೆಲವು ತಂತಿಗಳಲ್ಲಿ ಕರೆಂಟು ಇದ್ದೇ ಇರುತ್ತದೆ. ಮೇನ್ ಇಳಿಸಿದ ಕೂಡಲೇ ಯುಪಿಎಸ್ ತಾನಾಗಿ ಬ್ಯಾಟರಿಯಿಂದ ಕೊಡಲು ಆರಂಭಿಸುತ್ತದೆ. ಆ ವೋಲ್ಟೇಜೂ ಕೊಲ್ಲುವಂಥದ್ದೇ. ಸ್ವಿಚ್‌ಬೋರ್ಡ್ ಬಿಚ್ಚುವ ಮುನ್ನ ಎರಡನ್ನೂ ಆರಿಸಬೇಕು.

ಗ್ಯಾಸ್ ಸೋರಿಕೆ ಉಪಕರಣದ ಪೆಟ್ಟಿಗೆಗೆ ಸಂಬಂಧಿಸಿದ ಕೆಲಸವೇ ಅಲ್ಲ. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆಯಿರಿ, ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಹಂತ 3: ಮೊದಲ ಕಂತು, ಏಳು ಸಾಮಾನು

ಈ ಕಂತಿಗೆ ಸುಮಾರು ಎರಡು ಸಾವಿರ ರೂಪಾಯಿ ತೆಗೆದಿಟ್ಟರೆ ಸಾಕಾಗಬೇಕು. ಊರಿನ ಹಳೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಬೆಂಗಳೂರಿನವರು ಎಸ್.ಪಿ. ರಸ್ತೆಗೂ ಹೋಗಬಹುದು. ಮೊದಲ ಖರೀದಿಗೆ ಆನ್‌ಲೈನ್ ಬೇಡ ಎನ್ನುತ್ತೇನೆ, ಏಕೆಂದರೆ ಇವೆಲ್ಲ ಕೈಯಲ್ಲಿ ಹಿಡಿದು ಕೊಳ್ಳಬೇಕಾದ ಸಾಮಾನು.

*1. ಸ್ಕ್ರೂ ಡ್ರೈವರ್.* ಸೆಟ್ ಬೇಡ, ಬಿಡಿಯಾಗಿ ಮೂರು ಸಾಕು: ಎರಡನೇ ನಂಬರಿನ ಸ್ಟಾರ್ (ಅಧಿಕ ಚಿಹ್ನೆಯ ತಲೆಗೆ ಕೂರುವಂಥದ್ದು), ಒಂದನೇ ನಂಬರಿನ ಸ್ಟಾರ್, 6 ಮಿ.ಮೀ. ಅಗಲದ ಚಪ್ಪಟೆ ಬಾಯಿಯದು. ಪ್ಯಾಕೆಟ್ಟಿನ ಮೇಲೆ ಪಿಎಚ್2, ಪಿಎಚ್1 ಎಂದು ಬರೆದಿರುತ್ತದೆ. ಕೀಲು, ಚಿಲಕ, ಸ್ವಿಚ್‌ಬೋರ್ಡ್ ಎಲ್ಲಕ್ಕೂ ಹೆಚ್ಚಾಗಿ ಬೇಕಾಗುವುದು ಪಿಎಚ್2. ಮಕ್ಕಳ ಆಟಿಕೆ, ರಿಮೋಟ್, ಚಿಕ್ಕ ಉಪಕರಣಗಳಿಗೆ ಪಿಎಚ್1.

ಹೊಸಬರು ಕೈಸುಡುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಡ್ರೈವರಿನ ತುದಿಯನ್ನು ಸ್ಕ್ರೂ ತಲೆಯಲ್ಲಿ ಇಟ್ಟು ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲ್ಲಾಡಿಸಿ. ಅಳತೆ ಸರಿಯಿದ್ದರೆ ಸ್ಕ್ರೂ ಅದನ್ನು ಕಚ್ಚಿ ಹಿಡಿದಂತಿರುತ್ತದೆ. ಗಡಗಡ ಆಡಿದರೆ ಅಳತೆ ತಪ್ಪಿದೆ. ಸರಿಯಾದ ಡ್ರೈವರ್ ಹಿಡಿದಾಗಲೂ ತಿರುಗಿಸುವುದಕ್ಕಿಂತ ಒತ್ತುವುದಕ್ಕೆ ಹೆಚ್ಚು ಬಲ ಹಾಕಬೇಕು, ಅದೂ ನೇರವಾಗಿ. ಡ್ರೈವರ್ ವಾಲಿದರೆ ‘ಕಟಕ್’ ಎಂದು ಜಿಗಿದು ಹೊರಬರುತ್ತದೆ. ಆ ಸದ್ದೇ ನಿಮಗೆ ಎಚ್ಚರಿಕೆ. ಎರಡನೇ ಸಲ ಆ ಸದ್ದು ಬಂದರೆ ಅಲ್ಲಿಗೆ ನಿಲ್ಲಿಸಿ. ಐದಾರು ಸಲ ಜಿಗಿದ ಸ್ಕ್ರೂವಿನ ತಲೆ ಬಟ್ಟಲಿನಂತೆ ನುಣ್ಣಗಾಗುತ್ತದೆ, ಆಮೇಲೆ ಅದನ್ನು ಯಾರಿಂದಲೂ ಸುಲಭವಾಗಿ ತೆಗೆಯಲಾಗದು. ಸ್ವಲ್ಪವೇ ಸವೆದಿದ್ದರೆ ಅಗಲವಾದ ರಬ್ಬರ್ ಬ್ಯಾಂಡಿನ ತುಂಡೊಂದನ್ನು ನಡುವೆ ಇಟ್ಟು, ಬಲವಾಗಿ ಒತ್ತಿ ತಿರುಗಿಸಿ ನೋಡಿ, ಹಲವು ಸಲ ಹಿಡಿತ ಸಿಗುತ್ತದೆ.

ಅಂಗಡಿಯಲ್ಲಿ ಸ್ಟಾರ್ ಡ್ರೈವರಿನ ತುದಿ ನೋಡಿ. ನಾಲ್ಕು ಅಂಚುಗಳೂ ಚೂಪಾಗಿ, ಸಮನಾಗಿ ಇರಬೇಕು. ಅಚ್ಚಿನಿಂದ ಹೊರಬಂದ ಜೇಡಿಮಣ್ಣಿನಂತೆ ಅಂಚು ಮಂಡಾಗಿದ್ದರೆ ವಾಪಸ್ಸು ಇಡಿ.

*2. ಕಟಿಂಗ್ ಪ್ಲೇಯರ್.* 8 ಇಂಚಿನದು. ದವಡೆ ಮುಚ್ಚಿ ಬೆಳಕಿಗೆ ಹಿಡಿಯಿರಿ, ಕತ್ತರಿಸುವ ಅಂಚಿನ ನಡುವೆ ಬೆಳಕು ತೂರಬಾರದು. ಅಂಗಡಿಯವರ ಬಳಿ ಒಂದು ಹಾಳೆ ಕೇಳಿ ಆ ಅಂಚಿನಿಂದ ಕತ್ತರಿಸಿ. ಹರಿಯದೆ ಕತ್ತರಿಸಿದರೆ ಒಳ್ಳೆಯದು. ಹಿಡಿಯ ಪ್ಲಾಸ್ಟಿಕ್ ಕವಚ ನೋಡಿ ಮೋಸ ಹೋಗಬೇಡಿ. ಮಾಮೂಲಿ ಕವಚ ಕೈಗೆ ಹಿತವಾಗಲೆಂದು ಹಾಕಿದ್ದು, ಶಾಕ್ ತಡೆಯಲೆಂದು ಅಲ್ಲ. ನಿಜವಾಗಿ ಪರೀಕ್ಷೆಗೆ ಒಳಗಾದ ಹಿಡಿಯ ಮೇಲೆ ಎರಡು ತ್ರಿಕೋನದ ಗುರುತೂ 1000 ವೋಲ್ಟ್ ಎಂಬ ಬರಹವೂ ಇರುತ್ತವೆ. ಅದಿದ್ದರೂ ಕರೆಂಟು ಆರಿಸದೆ ಕೆಲಸ ಮಾಡುವ ಧೈರ್ಯ ನಮಗೆ ಬೇಡ.

*3. ಅಡ್ಜಸ್ಟಬಲ್ ಸ್ಪ್ಯಾನರ್.* ಉತ್ತರ ಕರ್ನಾಟಕದ ಅಂಗಡಿಗಳಲ್ಲಿ ಪಾನಾ ಎಂದು ಕೇಳಿದರೆ ಬೇಗ ಕೈಗೆ ಬರುತ್ತದೆ. 10 ಇಂಚಿನದು ತೆಗೆದುಕೊಳ್ಳಿ, ಬಾಯಿ 28 ಮಿ.ಮೀ.ಗಿಂತ ಹೆಚ್ಚು ತೆರೆಯಬೇಕು. ಅರ್ಧ ಇಂಚಿನ ಕನೆಕ್ಷನ್ ಪೈಪಿನ ನಟ್ಟು ಸುಮಾರು 24 ಮಿ.ಮೀ. ಇರುತ್ತದೆ, ಚಿಕ್ಕ ಸ್ಪ್ಯಾನರ್ ಅದರ ಮುಂದೆ ಸೋಲುತ್ತದೆ. ಚಲಿಸುವ ದವಡೆಯನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ, ತುಂಬ ಆಡಿದರೆ ಬೇಡ. ಬಳಸುವಾಗ ಹಿಡಿ ಯಾವ ಕಡೆಗೆ ಸಾಗುತ್ತದೋ ಆ ಕಡೆಗೆ ಚಲಿಸುವ ದವಡೆ ಇರಲಿ. ಆಗ ಹೆಚ್ಚಿನ ಬಲ ಗಟ್ಟಿ ದವಡೆಯ ಮೇಲೆ ಬೀಳುತ್ತದೆ. ಉಲ್ಟಾ ಹಿಡಿದರೆ ಬಾಯಿ ಸಡಿಲಗೊಂಡು ನಟ್ಟಿನ ಮೂಲೆ ತಿನ್ನುತ್ತದೆ.

*4. ಸುತ್ತಿಗೆ.* ಹಿಂಬದಿ ಸೀಳಿರುವ, ಮೊಳೆ ಕೀಳಲು ಬರುವ ಸುತ್ತಿಗೆ. ತೂಕ 300ರಿಂದ 450 ಗ್ರಾಂ ನಡುವೆ ಇದ್ದರೆ ಹೊಸ ಕೈಗೆ ಸರಿ. ಹಿಡಿಗೆ ತಲೆ ಅಲುಗಾಡದಂತೆ ಕೂತಿರಬೇಕು.

*5. ಅಳತೆ ಟೇಪು.* 5 ಮೀಟರಿನದು. ತುದಿಯ ಕೊಕ್ಕೆ ಒಂದಿಷ್ಟು ಹಿಂದೆ ಮುಂದೆ ಜಾರುತ್ತದೆ. ‘ಇದು ಸಡಿಲ’ ಎಂದು ಎಷ್ಟೋ ಜನ ಅದನ್ನು ಜಜ್ಜಿ ಬಿಗಿ ಮಾಡುತ್ತಾರೆ. ಕೊಕ್ಕೆಯ ದಪ್ಪ ಎಷ್ಟೋ ಅಷ್ಟೇ ಅದು ಜಾರಬೇಕು. ಗೋಡೆಗೆ ಒತ್ತಿ ಅಳೆದರೂ, ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದು ಅಳೆದರೂ ಲೆಕ್ಕ ಒಂದೇ ಬರಲೆಂದು ಹಾಗೆ ಮಾಡಿರುತ್ತಾರೆ.

*6. ಕಟ್ಟರ್ ಚಾಕು,* 18 ಮಿ.ಮೀ. ಅಲಗಿನದು. *7. ಟೆಸ್ಟರ್.* ಟೆಸ್ಟರಿಗೆ ಒಂದು ಹಂತವನ್ನೇ ಮೀಸಲಿಡಬೇಕು.

ಹಂತ 4: ಟೆಸ್ಟರ್ ಹಿಡಿಯುವ ಕ್ರಮ

ನಮ್ಮ ಬೀದಿಗೆ ಬರುವ ಎಲೆಕ್ಟ್ರಿಷಿಯನ್ ಒಬ್ಬರ ಅಭ್ಯಾಸವನ್ನು ನಾನು ವರ್ಷಗಳಿಂದ ಗಮನಿಸಿದ್ದೇನೆ. ಕೆಟ್ಟ ಬೋರ್ಡನ್ನು ಮುಟ್ಟುವ ಮೊದಲು ಅವರು ಹಾಲಿಗೆ ಹೋಗಿ, ಟಿವಿಯ ಪಕ್ಕದ ಸರಿಯಾಗಿರುವ ಪ್ಲಗ್‌ನಲ್ಲಿ ಟೆಸ್ಟರ್ ಇಟ್ಟು ದೀಪ ಹತ್ತುತ್ತದೆಯೇ ಎಂದು ನೋಡುತ್ತಾರೆ. ಆಮೇಲೆ ಮೇನ್ ಆರಿಸಿ ಕೆಟ್ಟ ಬೋರ್ಡಿನಲ್ಲಿ ನೋಡುತ್ತಾರೆ. ಅಲ್ಲಿ ದೀಪ ಹತ್ತದಿದ್ದರೂ ಕೆಲಸ ಶುರು ಮಾಡುವುದಿಲ್ಲ. ಮೇನ್ ಮತ್ತೆ ಹಾಕಿಸಿ ಅದೇ ಟೆಸ್ಟರನ್ನು ಹಾಲಿನ ಪ್ಲಗ್‌ನಲ್ಲಿ ಇನ್ನೊಮ್ಮೆ ಪರೀಕ್ಷಿಸಿ, ಮತ್ತೆ ಆರಿಸಿ, ಆಮೇಲೇ ಸ್ಕ್ರೂಗೆ ಕೈ ಹಾಕುತ್ತಾರೆ. ಮೂವತ್ತು ವರ್ಷ ಕೆಲಸ ಮಾಡಿದವರಿಗೇ ಅಷ್ಟು ಎಚ್ಚರ ಬೇಕಿದ್ದರೆ ನಮಗೆ ಬೇಡವೇ?

ಕಾರಣ ಸರಳ. ಟೆಸ್ಟರಿನ ಒಳಗೆ ಒಂದು ಪುಟ್ಟ ನಿಯಾನ್ ದೀಪ, ಒಂದು ರೆಸಿಸ್ಟರ್, ಒಂದು ಸ್ಪ್ರಿಂಗ್ ಇರುತ್ತವೆ. ಕೆಳಗೆ ಬಿದ್ದ ಟೆಸ್ಟರಿನಲ್ಲಿ ಇವುಗಳಲ್ಲಿ ಯಾವುದು ಕೈಕೊಟ್ಟರೂ ದೀಪ ಹತ್ತುವುದಿಲ್ಲ. ದೀಪ ಹತ್ತಲಿಲ್ಲ ಎಂದರೆ ಕರೆಂಟು ಇಲ್ಲವೆಂದೂ ಆಗಬಹುದು, ಟೆಸ್ಟರ್ ಸತ್ತಿದೆಯೆಂದೂ ಆಗಬಹುದು. ಹಾಗಾಗಿ ಕ್ರಮ ಹೀಗಿರಲಿ:

ಒಣ ಕೈಯಲ್ಲಿ ಪ್ಲಾಸ್ಟಿಕ್ ಹಿಡಿಯನ್ನು ಹಿಡಿಯಿರಿ. ಹಿಂದಿನ ಲೋಹದ ಟೋಪಿಗೆ ಒಂದು ಬೆರಳು ತಾಗಲಿ, ಮುಂದಿನ ಕಬ್ಬಿಣಕ್ಕೆ ಯಾವ ಬೆರಳೂ ತಾಗಬಾರದು. ಮೊದಲು ಕರೆಂಟು ಇದೆಯೆಂದು ಖಚಿತವಾಗಿ ಗೊತ್ತಿರುವ ಪ್ಲಗ್, ಆಮೇಲೆ ಕೆಲಸದ ಜಾಗ, ಮತ್ತೆ ಗೊತ್ತಿರುವ ಪ್ಲಗ್. ನಮ್ಮ ಮೂರು ತೂತಿನ ಸಾಕೆಟ್ಟಿನಲ್ಲಿ ಮೇಲಿನ ದೊಡ್ಡದು ಅರ್ಥ್. ಎದುರು ನಿಂತಾಗ ಬಲಗಡೆಯ ತೂತಿನಲ್ಲಿ ದೀಪ ಹತ್ತಬೇಕು, ಎಡಗಡೆಯದರಲ್ಲಿ ಹತ್ತಬಾರದು. ಬಿಸಿಲಿನಲ್ಲಿ ಆ ಮಂದ ಬೆಳಕು ಕಾಣುವುದಿಲ್ಲ, ಕೈಯಲ್ಲಿ ನೆರಳು ಮಾಡಿ ನೋಡಿ. ಮರದ ಸ್ಟೂಲಿನ ಮೇಲೆ ನಿಂತಾಗಲೂ ದೀಪ ಮಂಕಾಗಬಹುದು.

ಕೆಲಸ ಬಿಟ್ಟು ಎಲೆಕ್ಟ್ರಿಷಿಯನ್‌ನನ್ನು ಕರೆಯಬೇಕಾದ ಸೂಚನೆಗಳು: ಎರಡೂ ತೂತಿನಲ್ಲಿ ದೀಪ ಹತ್ತುವುದು (ನ್ಯೂಟ್ರಲ್, ಅಂದರೆ ಕರೆಂಟು ವಾಪಸ್ಸು ಹೋಗುವ ತಂತಿ, ಎಲ್ಲೋ ಕಡಿದಿರಬಹುದು), ಅರ್ಥ್ ತೂತಿನಲ್ಲಿ ದೀಪ ಹತ್ತುವುದು, ಸ್ವಿಚ್ ಮುಟ್ಟಿದರೆ ಬೆಚ್ಚಗಿರುವುದು, ಬೋರ್ಡಿನಿಂದ ಮೀನು ಸುಟ್ಟಂಥ ಅಥವಾ ಪ್ಲಾಸ್ಟಿಕ್ ಕಮಟು ವಾಸನೆ, ಪ್ಲಗ್ ಸುತ್ತ ಕಂದು ಕಲೆ.

ಟೆಸ್ಟರನ್ನು ಸ್ಕ್ರೂ ಡ್ರೈವರಾಗಿ ಬಳಸಬೇಡಿ. ಬಿಗಿ ಸ್ಕ್ರೂ ತಿರುಗಿಸಿದ ಟೆಸ್ಟರಿನ ತುದಿ ತಿರುಚಿಕೊಳ್ಳುತ್ತದೆ, ಹಿಡಿ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಟೆಸ್ಟರಿನ ಜಾಗ ಕಸದ ಬುಟ್ಟಿ.

ಹಂತ 5: ಸಣ್ಣಪುಟ್ಟ ಖರ್ಚಿನ ಸಾಮಾನು

ಉಪಕರಣ ಇದ್ದೂ ಕೆಲಸ ಅರ್ಧಕ್ಕೆ ನಿಲ್ಲುವುದು ಎರಡು ರೂಪಾಯಿಯ ವಾಷರ್ ಇಲ್ಲದೆ. ಟೆಫ್ಲಾನ್ ಟೇಪ್ ಎರಡು ಸುರುಳಿ, ಇನ್ಸುಲೇಷನ್ ಟೇಪ್ ಒಂದು, ಅರ್ಧ ಇಂಚಿನ ರಬ್ಬರ್ ವಾಷರ್ ಐದಾರು, ಎಂ-ಸೀಲ್ ಒಂದು ಪ್ಯಾಕೆಟ್, ಒಂದು ಇಂಚಿನ ಮತ್ತು ಒಂದೂವರೆ ಇಂಚಿನ ಮರದ ಸ್ಕ್ರೂಗಳು ತಲಾ ಇಪ್ಪತ್ತು, ಹೊಲಿಗೆ ಯಂತ್ರದ ಎಣ್ಣೆಯ ಪುಟ್ಟ ಬಾಟಲಿ, ಒಂದು ಹಳೆಯ ಹಲ್ಲುಜ್ಜುವ ಬ್ರಷ್, ಹತ್ತಿ ಬಟ್ಟೆ. ಸ್ಕ್ರೂ, ವಾಷರುಗಳನ್ನು ಔಷಧಿಯ ಖಾಲಿ ಡಬ್ಬಿಗಳಲ್ಲಿ ಹಾಕಿ ಹೆಸರು ಬರೆಯಿರಿ.

ಇನ್ಸುಲೇಷನ್ ಟೇಪು ನೀರಿನ ಪೈಪಿಗಲ್ಲ, ಟೆಫ್ಲಾನ್ ಟೇಪು ಕರೆಂಟಿನ ತಂತಿಗಲ್ಲ. ಹೇಳುವ ಅಗತ್ಯವಿಲ್ಲ ಎನಿಸಬಹುದು, ಆದರೆ ಎರಡನ್ನೂ ಕಂಡಿದ್ದೇನೆ.

ಹಂತ 6: ಮೊದಲ ಕೆಲಸ, ಬೇಸಿನ್ನಿನ ಕನೆಕ್ಷನ್ ಪೈಪು

ಕೊಂಡ ಉಪಕರಣ ಕೈಗೆ ಒಗ್ಗಬೇಕಾದರೆ ಒಂದು ಕೆಲಸ ಮಾಡಿಯೇ ನೋಡಬೇಕು. ಬೇಸಿನ್ ಕೆಳಗಿನ ಕನೆಕ್ಷನ್ ಪೈಪು ಬದಲಿಸುವುದು ಅದಕ್ಕೆ ತಕ್ಕ ಪಾಠ: ಕರೆಂಟಿನ ಭಯವಿಲ್ಲ, ತಪ್ಪಾದರೆ ನೆಲ ಒದ್ದೆಯಾಗುತ್ತದೆ, ಅಷ್ಟೇ.

ಮೊದಲು ಆ್ಯಂಗಲ್ ಕಾಕ್ ಮುಚ್ಚಿ, ಮೇಲಿನ ನಲ್ಲಿ ತೆರೆದು ನೀರು ನಿಂತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಕೆಳಗೆ ಒಂದು ಬಕೆಟ್ ಇಡಿ. ಕೆಳಗಿನ ನಟ್ಟನ್ನು ಸ್ಪ್ಯಾನರಿನಲ್ಲಿ ಅಪ್ರದಕ್ಷಿಣೆಯಾಗಿ ಸಡಿಲಿಸಿ. ಆಗ ಇನ್ನೊಂದು ಕೈಯಲ್ಲಿ ಆ್ಯಂಗಲ್ ಕಾಕನ್ನು ಗಟ್ಟಿಯಾಗಿ ಹಿಡಿದಿರಬೇಕು, ಇಲ್ಲದಿದ್ದರೆ ಅದೇ ತಿರುಗಿ ಗೋಡೆಯೊಳಗೆ ಸೋರಲು ಶುರುವಾಗುತ್ತದೆ. ಗೋಡೆಯೊಳಗಿನ ಸೋರಿಕೆ ಒಂದು ತಿಂಗಳ ನಂತರ ಆಚೆ ಕೋಣೆಯ ಬಣ್ಣ ಉಬ್ಬಿದಾಗಲೇ ಗೊತ್ತಾಗುವುದು.

ಹೊಸ ಪೈಪಿನ ನಟ್ಟಿನೊಳಗೆ ರಬ್ಬರ್ ವಾಷರ್ ಕೂತಿದೆಯೇ ಎಂದು ಬೆರಳಿಟ್ಟು ನೋಡಿ. ನೀರು ತಡೆಯುವುದು ಆ ವಾಷರ್. ಇಲ್ಲಿ ಟೆಫ್ಲಾನ್ ಸುತ್ತುವ ಅಗತ್ಯವೇ ಇಲ್ಲ. ದಪ್ಪವಾಗಿ ಸುತ್ತಿದರೆ ನಟ್ಟು ಪೂರ್ತಿ ಇಳಿಯದೆ ವಾಷರ್ ಸರಿಯಾಗಿ ಕೂರುವುದಿಲ್ಲ. ನಟ್ಟನ್ನು ಕೈಯಲ್ಲೇ ಆಗುವಷ್ಟು ತಿರುಗಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಕಾಲು ಸುತ್ತು. ನೀರು ಬಿಟ್ಟು ನೋಡಿ. ಹನಿದರೆ ಇನ್ನು ಸ್ವಲ್ಪ. ಒಂದೇ ಸಲ ಜೀವ ಬಿಟ್ಟು ಬಿಗಿದರೆ ವಾಷರ್ ಹರಿದು ಮತ್ತಷ್ಟು ಸೋರುತ್ತದೆ. ಬೇಸಿನ್ನಿನ ಕೊಳೆನೀರು ಇಳಿಯುವ ಪ್ಲಾಸ್ಟಿಕ್ ಬಾಟಲ್ ಟ್ರ್ಯಾಪಿಗಂತೂ ಸ್ಪ್ಯಾನರ್ ತಾಗಿಸಲೇ ಬೇಡಿ, ಕೈಬಿಗಿ ಸಾಕು.

ಟೆಫ್ಲಾನ್ ಬೇಕಾಗುವುದು ನಲ್ಲಿಯನ್ನೇ ಗೋಡೆಯ ಪೈಪಿಗೆ ತಿರುಗಿಸುವಾಗ. ಹಳೆಯ ಟೇಪಿನ ಚೂರುಗಳನ್ನೆಲ್ಲ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಮರೆಯ, ಅಂದರೆ ಸ್ಕ್ರೂವಿನಂಥ ಸುತ್ತುಗೆರೆಗಳಿರುವ, ತುದಿ ನಿಮ್ಮ ಕಡೆಗಿರುವಂತೆ ನಲ್ಲಿಯನ್ನು ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ, ಟೇಪನ್ನು ಎಳೆದು ಹಿಡಿದು ಎಂಟು ಹತ್ತು ಸುತ್ತು ಸುತ್ತಿ. ದಿಕ್ಕು ತಪ್ಪಿದರೆ ನಲ್ಲಿ ತಿರುಗಿಸುತ್ತಿದ್ದಂತೆ ಟೇಪು ಸುರುಳಿ ಸುರುಳಿಯಾಗಿ ಹೊರಗೆ ಬರುತ್ತದೆ. ಹಾಗೆ ಬಂದರೆ ‘ಇರಲಿ’ ಎಂದು ಮುಂದುವರಿಯದೆ ತೆಗೆದು ಮತ್ತೆ ಸುತ್ತಿ. ನಲ್ಲಿ ಪೂರ್ತಿ ಬಿಗಿದ ಮೇಲೆ ಅದರ ಬಾಯಿ ವಾರೆಯಾಗಿ ನಿಂತರೆ ಹಿಂದಕ್ಕೆ ತಿರುಗಿಸಿ ನೇರ ಮಾಡಬೇಡಿ, ಹಿಂದಕ್ಕೆ ತಿರುಗಿಸಿದ ಮರೆ ಸೋರುತ್ತದೆ. ಬಿಚ್ಚಿ, ಸುತ್ತು ಹೆಚ್ಚಿಸಿ, ಮತ್ತೆ ಕೂರಿಸಿ.

ಮುಗಿದ ಮೇಲೆ ಒಣ ಟಿಶ್ಯೂ ಕಾಗದವನ್ನು ಜೋಡಣೆಯ ಸುತ್ತ ಒತ್ತಿ. ಕಣ್ಣಿಗೆ ಕಾಣದ ತೇವ ಕಾಗದದಲ್ಲಿ ಕಾಣುತ್ತದೆ. ಮರುದಿನ ಬೆಳಿಗ್ಗೆ ಇನ್ನೊಮ್ಮೆ.

ಹಂತ 7: ಎರಡನೆಯ ಕಂತು, ಎರಡು ಮೂರು ತಿಂಗಳ ನಂತರ

ಇಷ್ಟು ದಿನದಲ್ಲಿ ಯಾವುದು ಇಲ್ಲದೆ ಪರದಾಡಿದಿರಿ ಎಂಬುದು ನಿಮಗೇ ಗೊತ್ತಾಗಿರುತ್ತದೆ. ಸಾಮಾನ್ಯವಾಗಿ ಈ ಪಟ್ಟಿ ಆಗುತ್ತದೆ: ಅಲೆನ್ ಕೀ ಸೆಟ್ (ಮಿಲಿಮೀಟರ್ ಅಳತೆಯದು), ಕಬ್ಬಿಣ ಕೊಯ್ಯುವ ಹ್ಯಾಕ್ಸಾ, ಒಂದು ಅರ, ರಸಮಟ್ಟ (ಸ್ಪಿರಿಟ್ ಲೆವೆಲ್), ತಲೆಗೆ ಕಟ್ಟಿಕೊಳ್ಳುವ ಟಾರ್ಚ್, ಕಣ್ಣಿನ ರಕ್ಷಣೆಯ ಕನ್ನಡಕ.

ಹ್ಯಾಕ್ಸಾ ಬ್ಲೇಡಿನ ಹಲ್ಲು ಹಿಡಿಯಿಂದ ದೂರಕ್ಕೆ, ಮುಂದಕ್ಕೆ ಮುಖ ಮಾಡಿರಬೇಕು. ಮುಂದೆ ತಳ್ಳುವಾಗ ಕೊಯ್ಯುತ್ತದೆ. ರಸಮಟ್ಟವನ್ನು ಅಂಗಡಿಯ ಮೇಜಿನ ಮೇಲಿಟ್ಟು ಗುಳ್ಳೆ ಎಲ್ಲಿ ನಿಂತಿತು ನೋಡಿ, ಎಡ ಬಲ ಅದಲುಬದಲು ಮಾಡಿ ಅದೇ ಜಾಗದಲ್ಲಿಡಿ. ಗುಳ್ಳೆ ಅದೇ ಬದಿಗೆ ಅಷ್ಟೇ ವಾಲಬೇಕು. ಬೇರೆಯಾದರೆ ಮಟ್ಟವೇ ಸುಳ್ಳು ಹೇಳುತ್ತಿದೆ. ಪೈಪ್ ರೆಂಚ್ ಈಗಲೂ ಬೇಡ. ಅದರ ಹಲ್ಲು ಹೊಳೆಯುವ ನಲ್ಲಿಗಳನ್ನು ಕಚ್ಚಿ ಗಾಯ ಮಾಡುತ್ತದೆ.

ಹಂತ 8: ಡ್ರಿಲ್ ಯಂತ್ರ

ಮೊದಲ ಎರಡು ಸಲ ಬಾಡಿಗೆಗೆ ತನ್ನಿ, ಅಥವಾ ಪರಿಚಯದವರಿಂದ ಕೇಳಿ ತನ್ನಿ. ವರ್ಷಕ್ಕೆ ನಾಲ್ಕು ತೂತಿಗಿಂತ ಹೆಚ್ಚು ಬೇಕೆನಿಸಿದರೆ ಕೊಳ್ಳಿ. ಕೊಳ್ಳುವುದಾದರೆ 13 ಮಿ.ಮೀ. ಚಕ್ (ಬಿಟ್ ಹಿಡಿಯುವ ಬಾಯಿ) ಇರುವ, 500–600 ವಾಟಿನ, ಹ್ಯಾಮರ್ ಗುಂಡಿಯಿರುವ (ಬಡಿಯುತ್ತ ಕೊರೆಯುವ) ತಂತಿಯ ಡ್ರಿಲ್ ಮನೆಗೆ ಸಾಕು. ಜೊತೆಗೆ ಗೋಡೆಗೆ 6 ಮಿ.ಮೀ. ಬಿಟ್, 6 ಮಿ.ಮೀ. ಪ್ಲಾಸ್ಟಿಕ್ ಪ್ಲಗ್ (ಕರೆಂಟಿನದಲ್ಲ, ತೂತಿನೊಳಗೆ ಕೂತು ಸ್ಕ್ರೂ ಹಿಡಿಯುವ ತುಂಡು), ಅದಕ್ಕೊಪ್ಪುವ 8ನೇ ನಂಬರಿನ ಸ್ಕ್ರೂ.

ಎಲ್ಲಿ ಕೊರೆಯಬಾರದು ಎಂಬುದು ಮೊದಲ ಪಾಠ. ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ ತಂತಿಯ ಪೈಪು ಹೋಗಿರುತ್ತದೆ. ನಲ್ಲಿ ಮತ್ತು ಗೀಸರಿನ ನೇರದಲ್ಲಿ ನೀರಿನ ಪೈಪು ಇರುತ್ತದೆ. ಅಡ್ಡಲಾಗಿ ಹಾಯಿಸಿದವರೂ ಇರುತ್ತಾರಾದ್ದರಿಂದ ಎರಡು ಬೋರ್ಡುಗಳ ನಡುವಿನ ಅಡ್ಡ ಗೆರೆಯನ್ನೂ ಬಿಡಿ. ಕಂಬ ಮತ್ತು ತೊಲೆಗಳಲ್ಲಿ ಬಿಟ್ ಥಟ್ಟನೆ ನಿಂತು ಹೊಳೆಯುವ ಲೋಹ ಕಂಡರೆ ಅದು ಒಳಗಿನ ಕಬ್ಬಿಣದ ಸರಳು. ಅಲ್ಲಿ ಹಠ ಬೇಡ, ಜಾಗ ಬದಲಿಸಿ.

ಎರಡನೆಯ ಪಾಠ, ಧೂಳನ್ನು ಓದುವುದು. ಗುರುತಿನ ಕೆಳಗೆ ಮಡಿಸಿದ ಕಾಗದವೊಂದನ್ನು ಟೇಪಿನಿಂದ ಅಂಟಿಸಿ, ಕೊರೆಯಲು ಶುರುಮಾಡಿ. ಮೊದಲು ಬಿಳಿ ಪುಡಿ, ಅದು ಬಣ್ಣ ಮತ್ತು ಪುಟ್ಟಿ. ಆಮೇಲೆ ಬೂದು, ಅದು ಗಾರೆ. ಆಮೇಲೆ ಕೆಂಪು ಬಂದರೆ ಇಟ್ಟಿಗೆ, ಪ್ಲಗ್ ಚೆನ್ನಾಗಿ ಹಿಡಿಯುತ್ತದೆ. ಬೂದು ಪುಡಿಯೇ ಮುಂದುವರಿದು ಬಿಟ್ ಇದ್ದಕ್ಕಿದ್ದಂತೆ ಒಳಗೆ ನುಗ್ಗಿದರೆ ಟೊಳ್ಳು ಸಿಮೆಂಟ್ ಬ್ಲಾಕ್. ಅದಕ್ಕೆ ಒಳಗೆ ಅರಳುವ ಬಗೆಯ ಪ್ಲಗ್ ಕೇಳಬೇಕು. ಕರಾವಳಿಯ ಕೆಂಪುಕಲ್ಲಿನ ಗೋಡೆಯಲ್ಲಿ ಪುಡಿ ಕೆಂಪೇ ಬಂದರೂ ಕಲ್ಲಿನೊಳಗೆ ಸಣ್ಣ ಪೊಟರೆಗಳಿರುತ್ತವೆ. ಉದ್ದದ ಪ್ಲಗ್ ಹಾಕಿ. ಮಲೆನಾಡಿನ ಹಳೆಯ ಮಣ್ಣಿನ ಗೋಡೆಯಲ್ಲಿ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದೇ ಇಲ್ಲ. ಅಲ್ಲಿ ಹಿಂದಿನವರು ಮಾಡುತ್ತಿದ್ದಂತೆ ಮರದ ಗೂಟ ಹೊಡೆದು ಅದಕ್ಕೆ ಸ್ಕ್ರೂ ಹಾಕುವುದೇ ಸರಿ.

ಕೊರೆಯುವ ಕ್ರಮ: ಪ್ಲಗ್‌ನ ಉದ್ದಕ್ಕಿಂತ ಸ್ವಲ್ಪ ಹೆಚ್ಚಿಗೆ ಬಿಟ್ ಮೇಲೆ ಇನ್ಸುಲೇಷನ್ ಟೇಪಿನ ಗುರುತು ಸುತ್ತಿ. ಚಕ್ಕಿನ ಕೀಲಿ ತೆಗೆದಿರೇ ಎಂದು ನೋಡಿ. ಕನ್ನಡಕ ಹಾಕಿ, ಸೆರಗು, ದುಪಟ್ಟಾ, ಸಡಿಲ ತೋಳುಗಳನ್ನು ಕಟ್ಟಿಕೊಳ್ಳಿ. ಗೋಡೆಗೆ ಹ್ಯಾಮರ್ ಗುಂಡಿ ಹಾಕಿ, ಮರ ಮತ್ತು ಲೋಹಕ್ಕೆ ತೆಗೆಯಿರಿ. ಟೈಲ್ಸ್ ಇದ್ದರೆ ಕಾಗದದ ಟೇಪು ಅಂಟಿಸಿ, ಹ್ಯಾಮರ್ ಇಲ್ಲದೆ ನಿಧಾನಕ್ಕೆ ಟೈಲ್ಸ್ ದಾಟುವವರೆಗೆ ಕೊರೆದು, ಆಮೇಲೆ ಹ್ಯಾಮರ್ ಹಾಕಿ. ಪ್ಲಗ್ ಸುತ್ತಿಗೆಯ ಮೆಲುಪೆಟ್ಟಿಗೆ ಒಳಗೆ ಹೋಗಬೇಕು. ಕೈಯಲ್ಲಿ ತಳ್ಳಿದರೇ ಸಲೀಸಾಗಿ ಹೋಗಿ ಸ್ಕ್ರೂ ಜೊತೆ ತಾನೂ ತಿರುಗಿದರೆ ತೂತು ದೊಡ್ಡದಾಗಿದೆ. ಅದಕ್ಕೆ ಕನ್ನಡಿ ನೇತುಹಾಕಬೇಡಿ, 8 ಮಿ.ಮೀ.ಗೆ ಕೊರೆದು 8 ಮಿ.ಮೀ. ಪ್ಲಗ್ ಹಾಕಿ.

ಗೀಸರ್, ದೊಡ್ಡ ಟಿವಿ, ಉಯ್ಯಾಲೆ, ಮಗುವಿನ ತೊಟ್ಟಿಲಿನ ಕೊಕ್ಕೆ: ಇವು ನಾಲ್ಕನ್ನೂ ಅನುಭವಸ್ಥರಿಗೆ ಬಿಡಿ.

ಹಂತ 9: ಪೆಟ್ಟಿಗೆ ಮತ್ತು ಆರೈಕೆ

ಪೆಟ್ಟಿಗೆಯನ್ನು ಕಡೆಗೆ ಕೊಳ್ಳಿ. ಸಾಮಾನುಗಳನ್ನು ನೆಲದ ಮೇಲೆ ಹರಡಿದಾಗ ಎಷ್ಟು ದೊಡ್ಡದು ಬೇಕೆಂದು ತಾನಾಗಿ ತಿಳಿಯುತ್ತದೆ. ದಪ್ಪ ಕ್ಯಾನ್ವಾಸ್ ಚೀಲವಾದರೂ ಆದೀತು. ಮಕ್ಕಳ ಕೈಗೆ ಸಿಗದ, ಆದರೆ ಕತ್ತಲಲ್ಲೂ ನಿಮ್ಮ ಕೈಗೆ ಸಿಗುವ ಜಾಗದಲ್ಲಿರಲಿ. ಬಚ್ಚಲಮನೆಯ ಅಟ್ಟ ಬೇಡ, ಅಲ್ಲಿನ ತೇವಕ್ಕೆ ಒಂದೇ ಮಳೆಗಾಲದಲ್ಲಿ ಪ್ಲೇಯರಿನ ಕೀಲು ಹಿಡಿದುಕೊಳ್ಳುತ್ತದೆ. ಟಾರ್ಚಿನ ಸೆಲ್ಲುಗಳನ್ನು ಹೊರಗೆ ತೆಗೆದಿಡಿ. ಮಂಗಳೂರು, ಕಾರವಾರ, ಆಗುಂಬೆಯ ಕಡೆಯವರು ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಪೆಟ್ಟಿಗೆಗೆ ಹಾಕಿ.

ಕೊಬ್ಬರಿ ಎಣ್ಣೆ ಸವರುವ ರೂಢಿ ಹಲವರಲ್ಲಿದೆ. ಅದು ಚಳಿಗೆ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಕನರಿ ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆಯೇ ಮೇಲು: ಬಟ್ಟೆಗೆ ನಾಲ್ಕು ಹನಿ, ಉಪಕರಣಕ್ಕೆ ಒಂದು ಒರೆಸು.

ಇಡೀ ಪೆಟ್ಟಿಗೆಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಲು ನಮ್ಮಲ್ಲಿ ದಿನ ಗೊತ್ತೇ ಇದೆ. ಆಯುಧಪೂಜೆಯ ಹಿಂದಿನ ಸಂಜೆ ಎಲ್ಲವನ್ನೂ ಹೊರಗೆ ಹರಡಿ. ಸುತ್ತಿಗೆಯ ತಲೆ ಸಡಿಲವಾಗಿದೆಯೇ, ಟೆಸ್ಟರ್ ಹತ್ತುತ್ತದೆಯೇ, ಸ್ಟಾರ್ ಡ್ರೈವರಿನ ಅಂಚು ಮಂಡಾಗಿದೆಯೇ ನೋಡಿ. ತುಕ್ಕನ್ನು ಬ್ರಷ್‌ನಿಂದ ಉಜ್ಜಿ ಎಣ್ಣೆ ಸವರಿ, ಮುಗಿದ ವಾಷರು, ಟೇಪುಗಳ ಪಟ್ಟಿ ಬರೆದುಕೊಳ್ಳಿ. ಪೂಜೆಯ ಮರುದಿನ ಅರಿಸಿನ ಕುಂಕುಮದ ತೇವವನ್ನು ಒಣ ಬಟ್ಟೆಯಲ್ಲಿ ಒರೆಸಿ, ಇನ್ನೊಮ್ಮೆ ಎಣ್ಣೆ ಕೈಯಾಡಿಸಿ ಪೆಟ್ಟಿಗೆಗೆ ಸೇರಿಸಿ. ಹೂವಿನ ಎಸಳುಗಳು ಒಳಗೆ ಉಳಿಯದಂತೆ ನೋಡಿಕೊಳ್ಳಿ, ಅವು ಕೊಳೆತ ಜಾಗದಲ್ಲೇ ತುಕ್ಕು ಮೊದಲು ಏಳುತ್ತದೆ.